ನಗೆಗೂ ಪ್ರತ್ಯೇಕ ಪಂಕ್ತಿಯೇ?

ಹಾಸ್ಯ ಬರವಣಿಗೆಯ ಸ್ಪರ್ಧೆಯನ್ನು ಒಂದು ವರ್ಗಕ್ಕಷ್ಟೇ ಮೀಸಲಿಡುವುದು ನ್ಯಾಯವೇ? ಬ್ರಿಟನ್ನಿನ ಸಾಹಿತ್ಯವಲಯದ ಎರಡು ಪ್ರಶಸ್ತಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಹಾಸ್ಯಕೃತಿಗಳಿಗಾಗಿ 2000ದಲ್ಲಿ ಆರಂಭವಾದ ವುಡ್‌ಹೌಸ್ ಪ್ರಶಸ್ತಿಯು ಸ್ತ್ರೀಪುರುಷರಿಬ್ಬರಿಗೂ ಮುಕ್ತವಾದುದು. ಆದರೂ 2017ರವರೆಗೆ ಅದನ್ನು ಪಡೆದ ಮಹಿಳೆಯರು ಮೂವರೇ. 2018ರಲ್ಲಿ ತೀರ್ಪುಗಾರರೆಲ್ಲರನ್ನೂ ನಗಿಸುವ ಕೃತಿಯೇ ಬಂದಿಲ್ಲವೆಂದು ಪ್ರಶಸ್ತಿಯನ್ನು ತಡೆಹಿಡಿಯಲಾಯಿತು. ಅದೇ ವರ್ಷ ಹಾಸ್ಯನಟಿ ಹೆಲೆನ್ ಲೆಡರರ್ ಅವರು ಮಹಿಳೆಯರಿಗಾಗಿಯೇ ಹಾಸ್ಯಬರಹದ ಪ್ರಶಸ್ತಿಯೊಂದನ್ನು ಸ್ಥಾಪಿಸಿದರು. ಅಪ್ರಕಟಿತ ಹಸ್ತಪ್ರತಿಗಳಿಗೂ ಅದರಲ್ಲಿ ಸ್ಥಾನವಿತ್ತರು.

ಬರಹವನ್ನು ತೂಗಬೇಕೇ ಹೊರತು ಬರೆದವರನ್ನಲ್ಲ ಎಂಬ ಆಕ್ಷೇಪವು ಅಲ್ಲಗಳೆಯುವಂತಹುದಲ್ಲ. ಹೊರಗುಳಿದ ಪ್ರತಿಭಾವಂತನ ನೋವೂ ನಿಜವೇ. ಆದರೆ ನೀನಾ ಸ್ಟಿಬಿಯವರ ಒಂದೇ ಕಾದಂಬರಿಯು 2019ರಲ್ಲಿ ಮುಕ್ತ ಪ್ರಶಸ್ತಿಯನ್ನೂ 2020ರಲ್ಲಿ ಮಹಿಳಾ ಪ್ರಶಸ್ತಿಯನ್ನೂ ಗಳಿಸಿತು. ಮೀಸಲು ಎಂದರೆ ಗುಣಮಟ್ಟದಲ್ಲಿ ರಿಯಾಯಿತಿ ಎಂದೇ ಅರ್ಥವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ಪ್ರತ್ಯೇಕ ಪಂಕ್ತಿಯೇ ಶಾಶ್ವತ ಪರಿಹಾರವಾಗಲಾರದು. ಅದರ ನೆಪದಲ್ಲಿ ಮುಕ್ತ ಸ್ಪರ್ಧೆಗಳು ತಮ್ಮ ಹಳೆಯ ಅಭಿರುಚಿಯಲ್ಲಿಯೇ ನೆಮ್ಮದಿಯಾಗಿ ಉಳಿಯಬಾರದು. ಅಲ್ಲಿನ ತೀರ್ಪುಗಾರರು ಎಲ್ಲರ ನಗೆಗೂ ಕಿವಿಗೊಟ್ಟ ದಿನ ಮೀಸಲಿನ ಅಗತ್ಯವು ತಾನಾಗಿಯೇ ಕಡಿಮೆಯಾದೀತು. ಅಲ್ಲಿಯವರೆಗೆ ಅದನ್ನು ಅನ್ಯಾಯವೆಂದು ಹಳಿಯುವುದು ಸಲ್ಲದು.