ಸಾಲದ ತೀರ್ಮಾನ ಹಾನಗಲ್ಲಿನಲ್ಲೇ ಆಗಲಿ

ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಎಂಬ ಹೆಸರು 2025ರ ಮೇ 1ರಂದು ಅಳಿಯಿತು. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಎಂದು ಕೇಂದ್ರ ಸರ್ಕಾರ ತೀರ್ಮಾನಿಸಿತು, ರಾಜ್ಯದಲ್ಲಿದ್ದ ಎರಡು ಬ್ಯಾಂಕುಗಳು ಕೂಡಿ ಒಂದಾದವು, ಪ್ರಧಾನ ಕಚೇರಿ ಬಳ್ಳಾರಿ ಎಂದಾಯಿತು. ಅಲ್ಲಿಯವರೆಗೆ ಹಾವೇರಿ ಜಿಲ್ಲೆಯ ಶಾಖೆಗಳು ಧಾರವಾಡದ ಕಡೆ ಮುಖ ಮಾಡಿದ್ದವು. ಹೆಸರು ಹೋದರೇನು, ಶಾಖೆ ಇದ್ದಲ್ಲೇ ಇದೆಯಲ್ಲ ಎನ್ನುತ್ತಾರೆ ವಿಲೀನದ ಪರ ಇರುವವರು. ಶಾಖೆ ಇದೆ. ಆದರೆ ಹಾನಗಲ್ಲಿನ ಭತ್ತದ ರೈತನಿಗೆ, ಸವಣೂರಿನ ಎಲೆಬಳ್ಳಿ ತೋಟದವನಿಗೆ, ಹಿರೇಕೆರೂರಿನಲ್ಲಿ ಗೋವಿನಜೋಳ ಬಿತ್ತುವವನಿಗೆ ಬೇಕಾದದ್ದು ಶಾಖೆಯ ಕುರ್ಚಿಯಲ್ಲಿ ಕುಳಿತು ಸಾಲಕ್ಕೆ ‘ಆಗಲಿ’ ಎನ್ನಬಲ್ಲ ಒಬ್ಬ ಮನುಷ್ಯ.

ಹಾಗೆ ಅನ್ನಬಲ್ಲವರನ್ನು ಹಳ್ಳಿಗೆ ಕಳಿಸಬೇಕೆಂದು ಹಟ ಹಿಡಿದವರು ತೋನ್ಸೆ ಅನಂತ ಪೈ, ನಾವು ಟಿ.ಎ. ಪೈ ಎಂದು ಕರೆಯುವವರು. ಹುಟ್ಟಿದ್ದು 1922ರಲ್ಲಿ. ಅವರ ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರ ಆಸರೆಗೆಂದು ಶುರುವಾದದ್ದು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು: ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಎರಡಾಣೆ ಸಂಗ್ರಹಿಸುವ ಪದ್ಧತಿ. ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆಯ ಚುಕ್ಕಾಣಿ 1960ರ ದಶಕದಲ್ಲಿ ಟಿ.ಎ. ಪೈ ಅವರ ಕೈಯಲ್ಲಿತ್ತು. ಒಕ್ಕಲುತನಕ್ಕೆ ಸಾಲ ಕೊಟ್ಟರೆ ಮುಳುಗುತ್ತೇವೆ ಎಂದು ದೊಡ್ಡ ಬ್ಯಾಂಕುಗಳು ಹೆದರುತ್ತಿದ್ದ ಕಾಲ ಅದು. ಪೈ ಕೃಷಿ ಪದವೀಧರರನ್ನು ಬ್ಯಾಂಕಿಗೆ ಸೇರಿಸಿಕೊಂಡು ಹೊಲಕ್ಕೆ ಕಳಿಸಿದರು. ಮಣ್ಣು, ಬಾವಿ, ಬೆಳೆ ನೋಡಿ ಸಾಲ ಕೊಡುವ ಕ್ರಮ ಹಾಗೆ ಬೆಳೆಯಿತು. 1965ರಲ್ಲಿ ಅವರು ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. ಬ್ಯಾಂಕ್ ರಾಷ್ಟ್ರೀಕರಣದ ಮರುವರ್ಷ ಜೀವ ವಿಮಾ ನಿಗಮಕ್ಕೆ ಹೋದರು, 1972ರಲ್ಲಿ ಕೇಂದ್ರ ಸಚಿವರಾದರು. 1981ರಲ್ಲಿ ತೀರಿಕೊಂಡರು.

1975ರ ಅಕ್ಟೋಬರ್ 2ರಂದು ದೇಶದ ಮೊದಲ ಗ್ರಾಮೀಣ ಬ್ಯಾಂಕುಗಳು ಬಾಗಿಲು ತೆರೆದಾಗ ಮೊರಾದಾಬಾದಿನ ‘ಪ್ರಥಮ’ ಬ್ಯಾಂಕಿನ ಪ್ರಾಯೋಜಕತ್ವ ವಹಿಸಿದ್ದು ಸಿಂಡಿಕೇಟ್ ಬ್ಯಾಂಕೇ. ನಮ್ಮ ಕಡೆಗೆ ಬಂದ ಮಲಪ್ರಭಾ ಗ್ರಾಮೀಣ ಬ್ಯಾಂಕಿಗೂ ಅದೇ ಆಸರೆ. ಮಲಪ್ರಭಾ 2005ರಲ್ಲಿ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ ಕರಗಿತು. ಈಗ ವಿಕಾಸವೂ ಇಲ್ಲ. ಪ್ರತಿ ಸಲವೂ ತೀರ್ಮಾನ ಮೇಲಿಂದ ಬಂತು. ಖಾತೆದಾರರನ್ನು ಯಾರೂ ಕೇಳಲಿಲ್ಲ.

ವಿಲೀನದಿಂದ ಬಂಡವಾಳ ಗಟ್ಟಿಯಾಗುತ್ತದೆ, ತಂತ್ರಜ್ಞಾನದ ಖರ್ಚು ತಗ್ಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಸಣ್ಣ ಬ್ಯಾಂಕು ನಷ್ಟಕ್ಕೆ ಬಿದ್ದರೆ ಪೆಟ್ಟು ಬೀಳುವುದೂ ರೈತನಿಗೇ. ಆದರೆ ಬ್ಯಾಂಕು ದೊಡ್ಡದಾಗಲು ತೀರ್ಮಾನ ದೂರ ಹೋಗಲೇಬೇಕೆಂಬ ನಿಯಮ ಎಲ್ಲಿದೆ? ರೋಹಿಣಿ, ಮೃಗಶಿರಾ ಮಳೆ ಕಡತಕ್ಕಾಗಿ ಕಾಯುವುದಿಲ್ಲ. ಬಿತ್ತನೆ ಮುಗಿದ ಮೇಲೆ ಮಂಜೂರಾದ ಬೆಳೆಸಾಲ ಹಳೆಯ ಕೈಗಡ ತೀರಿಸಲು ಹೋಗುತ್ತದೆ. ಆ ಕೈಗಡ ಕೊಟ್ಟವನು ಎಂಥ ಬಡ್ಡಿ ಹಾಕುತ್ತಾನೆಂದು ಶಿಗ್ಗಾವಿಯ ಯಾವ ಒಕ್ಕಲಿಗನನ್ನಾದರೂ ಕೇಳಿ ನೋಡಿ. ಸಾಲ ತೀರಿದ ಮೇಲೂ ಉತಾರದಲ್ಲಿ ಉಳಿದ ಬೋಜಾ ಇಳಿಸಲು, ಬೆಳೆವಿಮೆಯ ಅರ್ಜಿಯಲ್ಲಿ ತಪ್ಪಾಗಿ ನಮೂದಾದ ಬೆಳೆ ತಿದ್ದಿಸಲು ರೈತ ತಿರುಗುವ ದಿನಗಳು ಯಾವ ಬ್ಯಾಂಕಿನ ಲೆಕ್ಕಕ್ಕೂ ಬರುವುದಿಲ್ಲ.

ಭಾಷೆಯ ಮಾತೂ ಇಲ್ಲಿಯದೇ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದಾಗ ರಾಜ್ಯವೇ ಎದ್ದು ಕೂತಿತು, ವರ್ಗಾವಣೆಯೂ ಆಯಿತು. ರಾಜಧಾನಿಯಲ್ಲಿ ವಿಡಿಯೊ ಮಾಡುವವರಿರುತ್ತಾರೆ, ಹಳ್ಳಿಯ ಶಾಖೆಯಲ್ಲಿ ಇರುವುದಿಲ್ಲ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಅದರಲ್ಲಿ ಏನಿದೆಯೆಂದು ಅವಳ ಮಾತಿನಲ್ಲೇ ಓದಿ ಹೇಳಬೇಕು. ಹಾಗೆ ಹೇಳಲಾಗದವರು ಎಷ್ಟೇ ಜಾಣರಿದ್ದರೂ ಗ್ರಾಮೀಣ ಶಾಖೆಯ ಕೆಲಸಕ್ಕೆ ಅರ್ಹರಲ್ಲ.

ಗ್ರಾಮೀಣ ಬ್ಯಾಂಕಿನ ಮೂಲ ಪಾಲು ಹಂಚಿಕೆಯಲ್ಲಿ ಕೇಂದ್ರಕ್ಕೆ ಶೇ 50, ಪ್ರಾಯೋಜಕ ಬ್ಯಾಂಕಿಗೆ ಶೇ 35, ರಾಜ್ಯಕ್ಕೆ ಶೇ 15. ಆಡಳಿತ ಮಂಡಳಿಗೆ ಇಬ್ಬರನ್ನು ನೇಮಿಸುವ ಹಕ್ಕನ್ನೂ 1976ರ ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಮ್ಮ ಕೈಯಲ್ಲೇನಿದೆ ಎಂದು ಬೆಂಗಳೂರು ಕೈಚೆಲ್ಲುವಂತಿಲ್ಲ. ಬೆಳೆಸಾಲದ ಪೂರ್ಣ ಅಧಿಕಾರ ಶಾಖೆಯಲ್ಲೇ ಇರಬೇಕು, ಅದಕ್ಕೂ ಮೀರಿದ್ದು ಹಾವೇರಿಯಲ್ಲೇ ತೀರ್ಮಾನವಾಗಬೇಕು, ಕನ್ನಡ ಬಾರದವರನ್ನು ರೈತರ ಎದುರಿನ ಮೇಜಿಗೆ ಕೂರಿಸಬಾರದು, ವಿಲೀನದ ನೆಪದಲ್ಲಿ ಹಳ್ಳಿಯ ಒಂದು ಶಾಖೆಯೂ ಮುಚ್ಚಬಾರದು. ಈ ನಾಲ್ಕನ್ನೂ ಮುಂದಿನ ಮುಂಗಾರಿನೊಳಗೆ ಬರಹದಲ್ಲಿ ಪಡೆಯಿರಿ ಎಂದು ಹಾವೇರಿ, ಧಾರವಾಡದ ಸಂಸದರನ್ನೂ ಹಾನಗಲ್, ಸವಣೂರು, ಹಿರೇಕೆರೂರು, ಶಿಗ್ಗಾವಿ ತಾಲ್ಲೂಕುಗಳ ಶಾಸಕರನ್ನೂ ಕೇಳುತ್ತೇನೆ. ನೀವೂ ಕೇಳಿ.