ಗೋಡೆಯ ಮೇಲಿನ ಕಡಲು

ಮಕ್ಕಳಿಗೆ ಉಪದೇಶ ಮಾಡುವುದು ಸುಲಭ. ಕಣ್ಣಿಗೆ ಕಾಣದ ವಸ್ತುವಿನ ಮೇಲೆ ಅವರಲ್ಲಿ ಅಕ್ಕರೆ ಹುಟ್ಟಿಸುವುದು ಕಷ್ಟ. ಕಡಲಿನ ವಿಷಯದಲ್ಲಂತೂ ಈ ಮಾತು ಇನ್ನೂ ಸತ್ಯ. ತೀರದಲ್ಲಿ ನಿಂತವರಿಗೂ ಕಾಣುವುದು ಅಲೆಗಳೇ ಹೊರತು ಅವುಗಳ ಕೆಳಗಿನ ಜೀವಲೋಕವಲ್ಲ. ಈ ಕೊರತೆಯನ್ನು ಭಿತ್ತಿಚಿತ್ರಗಳಿಂದ ನೀಗಲು ಹೊರಟವರಲ್ಲಿ ಅಮೆರಿಕದ ಕಲಾವಿದ ವೈಲ್ಯಾಂಡ್ ಒಬ್ಬರು.

ಕಡಲಿನಿಂದ ದೂರದ ಮಿಷಿಗನ್ ರಾಜ್ಯದಲ್ಲಿ ಬೆಳೆದ ಅವರು, 1971ರಲ್ಲಿ ಇನ್ನೂ ಬಾಲಕರಾಗಿದ್ದಾಗ, ಕ್ಯಾಲಿಫೋರ್ನಿಯದ ಲಗೂನಾ ಬೀಚ್‌ನಲ್ಲಿ ಬೂದು ತಿಮಿಂಗಿಲಗಳನ್ನು ಕಂಡರು. ಹತ್ತು ವರ್ಷಗಳ ತರುವಾಯ, 1981ರಲ್ಲಿ, ಅದೇ ಊರಿನ ಗೋಡೆಯೊಂದರ ಮೇಲೆ ತಾಯಿ ತಿಮಿಂಗಿಲವನ್ನೂ ಅದರ ಮರಿಯನ್ನೂ ನಿಜಗಾತ್ರದಲ್ಲಿ ಚಿತ್ರಿಸಿದರು. 1992ರಲ್ಲಿ ಲಾಂಗ್ ಬೀಚ್ ನಗರದ ಕ್ರೀಡಾಂಗಣವೊಂದರ ಹೊರಗೋಡೆಯನ್ನು ಸುತ್ತುವರಿದ, ಲಕ್ಷ ಚದರ ಅಡಿಗೂ ಮಿಗಿಲಾದ ಚಿತ್ರ ಸಿದ್ಧವಾಯಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸಂದರ್ಭದಲ್ಲಿ ನೂರನೆಯ ಚಿತ್ರ ಮುಗಿದಾಗ, ಅದರಲ್ಲಿ ಹಲವು ದೇಶಗಳ ಮಕ್ಕಳ ಕುಂಚಗಳೂ ಸೇರಿದ್ದವು.

ನಿಜಗಾತ್ರವೇ ಏಕೆ? ಪುಸ್ತಕದ ತಿಮಿಂಗಿಲ ಅಂಗೈಯಷ್ಟು. ಗೋಡೆಯ ತಿಮಿಂಗಿಲವಾದರೋ ನಲವತ್ತು ಅಡಿ. ಅದರ ಉದ್ದವನ್ನು ಹೆಜ್ಜೆಯಿಟ್ಟು ಅಳೆದ ಮಗುವಿಗೆ ಆ ಗಾತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ತಾನೇ ಬಣ್ಣ ಬಳಿಯಲು ಹೊರಟಾಗ ಇನ್ನಷ್ಟು ತಿಳಿಯಬೇಕಾಗುತ್ತದೆ. ಈ ಪ್ರಾಣಿಗೆ ಹಲ್ಲುಗಳೇಕಿಲ್ಲ? ಬಾಯಿಯ ಜಾಲರಿಯಿಂದ ಕೆಸರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಮೈಮೇಲಿನ ಬಿಳಿಯ ಮಚ್ಚೆಗಳೇನು? ಅನೇಕವು ಅಂಟಿಕೊಂಡ ಚಿಪ್ಪುಜೀವಿಗಳು. ಹೀಗೆ ಕೈ ಕೆಲಸ ಮಾಡುತ್ತಿರುವಾಗ ಬುದ್ಧಿ ಪ್ರಶ್ನೆ ಕೇಳುತ್ತದೆ.

ಆದರೆ ಚಿತ್ರ ಬರೆದ ಮಾತ್ರಕ್ಕೆ ಕಡಲು ಉಳಿಯದು. ಬೇಟೆಗೆ ಸಿಕ್ಕಿ ಅಳಿವಿನಂಚಿಗೆ ಬಂದಿದ್ದ ಈ ಬೂದು ತಿಮಿಂಗಿಲಗಳು ಕಾನೂನಿನ ರಕ್ಷಣೆಯಿಂದ ಚೇತರಿಸಿಕೊಂಡವು. ಅಮೆರಿಕದ ಪೂರ್ವ ಪೆಸಿಫಿಕ್ ಸಂತತಿಯನ್ನು 1994ರಲ್ಲಿ ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು. ಆದರೂ 2019ರಿಂದ 2023ರವರೆಗೆ ಅವು ಮತ್ತೆ ದೊಡ್ಡ ಸಂಖ್ಯೆಯಲ್ಲಿ ಸತ್ತವು. ಉತ್ತರದ ಶೀತಸಮುದ್ರಗಳ ಬದಲಾವಣೆಯಿಂದ ಅವುಗಳಿಗೆ ಸಾಕಷ್ಟು ಆಹಾರ ದೊರೆಯದಾದುದು ಮುಖ್ಯ ಕಾರಣವೆಂದು ತಜ್ಞರು ಕಂಡುಕೊಂಡರು. ಒಮ್ಮೆ ಕಾಪಾಡಿದ್ದನ್ನು ಸದಾ ಕಾಪಾಡುತ್ತಲೇ ಇರಬೇಕೆಂಬ ಪಾಠ ಇದರಲ್ಲಿದೆ.

ಅಮೆರಿಕದ ಅನೇಕ ಊರುಗಳಲ್ಲಿ ಮಕ್ಕಳು ಮಳೆನೀರಿನ ಚರಂಡಿಗಳ ಬಾಯಿಯ ಬಳಿ ಮೀನಿನ ಚಿತ್ರ ಬರೆದು, ಇಲ್ಲಿ ಎಸೆದದ್ದು ಕಡಲನ್ನು ಸೇರುತ್ತದೆಂದು ದಾರಿಹೋಕರನ್ನು ಎಚ್ಚರಿಸುತ್ತಾರೆ. ಈ ಮಾತು ನಮಗೂ ಅನ್ವಯಿಸುತ್ತದೆ. ಕಡಲನ್ನೇ ಕಾಣದ ಬಯಲುಸೀಮೆಯ ಮಲಪ್ರಭೆಯೂ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ನಮ್ಮ ಓಣಿಯ ಪ್ಲಾಸ್ಟಿಕ್ ಚೀಲಕ್ಕೂ ಅದೇ ದಾರಿ.

ಆದುದರಿಂದ ಶಾಲೆಯ ಗೋಡೆಗೆ ಚಿತ್ರ ಬರೆಸಲು ಮುಂದಾಗುವ ಹಿರಿಯರು ಒಂದು ಸಂಗತಿಯನ್ನು ನೆನಪಿಡಬೇಕು. ಅಕ್ರಿಲಿಕ್ ಬಣ್ಣವೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಕುಂಚ ತೊಳೆದ ನೀರನ್ನು ಮಕ್ಕಳೆದುರಿಗೇ ಚರಂಡಿಗೆ ಚೆಲ್ಲಿದರೆ ಗೋಡೆ ಕಲಿಸಿದ್ದನ್ನು ನಾವೇ ಅಳಿಸಿದಂತಾಗುತ್ತದೆ. ಕುಂಚವನ್ನು ಮೊದಲು ಬಟ್ಟೆಯಿಂದ ಒರೆಸಿ, ತೊಳೆದ ನೀರನ್ನು ಬಕೆಟ್ಟಿನಲ್ಲಿ ಸಂಗ್ರಹಿಸಿ, ಬಣ್ಣ ತಳಕ್ಕಿಳಿದ ಮೇಲೆ ಸೋಸಿ ಗಸಿಯನ್ನು ಒಣಗಿಸುವುದು ಲೇಸು. ಮಕ್ಕಳು ಗೋಡೆಯನ್ನು ನೋಡುವಷ್ಟೇ ಗಮನದಿಂದ ನಮ್ಮ ಕೈಗಳನ್ನೂ ನೋಡುತ್ತಿರುತ್ತಾರೆ.