ಸಂಘದ ಔಷಧಿ ಅಂಗಡಿ: ಮೊದಲು ಕೇಳಬೇಕಾದದ್ದು ರಿಯಾಯಿತಿಯನ್ನಲ್ಲ

2023ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 2000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯಲು ಅವಕಾಶ ಕೊಡುವ ತೀರ್ಮಾನ ಕೈಗೊಂಡಿತು. ಅಂದಿನಿಂದ ನಮ್ಮ ಮಲೆನಾಡಿನ ಸಂಘಗಳಲ್ಲೂ ಔಷಧಿ ಅಂಗಡಿಯ ಮಾತು ಆಗಾಗ ಕೇಳಿಬರುತ್ತಿದೆ. ಒಳ್ಳೆಯದೇ. ಬಿ.ಪಿ. ಮಾತ್ರೆಗೆಂದು ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೆಲಸ ಎರಡೂ ಉಳಿದಾವು. ಆದರೆ ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಸದಸ್ಯ ಬಂಧುಗಳು ಮೊದಲು ಕೇಳುವುದು "ಸದಸ್ಯರಿಗೆ ಎಷ್ಟು ಪರ್ಸೆಂಟ್ ಬಿಡ್ತೀರಿ?" ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೆಳೆಗಾರರಾದ ನಾವು ಗುಣಮಟ್ಟದ ಬೆಲೆ ಅರಿಯದವರೇನಲ್ಲ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಹೊಳಪಿನ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಸೇರಿಸದೆ ಅಡಿಕೆ ಕೊನೆಗೆ ಹೊಡೆಯುವುದಿಲ್ಲ. ಪಾರ್ಚ್‌ಮೆಂಟ್ ಕಾಫಿಯ ತೇವ ಶೇಕಡ 10ಕ್ಕೆ ಇಳಿಯದೆ ಚೀಲ ಕಟ್ಟುವುದಿಲ್ಲ, ಕಟ್ಟಿದ ಚೀಲವನ್ನು ಗೊಬ್ಬರದ ಮೂಟೆಯ ಬಳಿ ಇಡುವುದಿಲ್ಲ. ಇಷ್ಟು ಜಾಗ್ರತೆಯ ಮನುಷ್ಯರು ಔಷಧಿ ಅಂಗಡಿಯಲ್ಲಿ ಮಾತ್ರ ಕಾಗದದ ಚೂರಿನಲ್ಲಿ ಕಟ್ಟಿಕೊಟ್ಟ ನಾಲ್ಕು ಮಾತ್ರೆಯನ್ನು ಹೆಸರು ಸಹ ನೋಡದೆ ಕಿಸೆಗೆ ಹಾಕಿಕೊಂಡು ಬರುತ್ತೇವೆ.

ನಮ್ಮ ಮಳೆಗಾಲ ಅಡಿಕೆಗೆ ಕೊಳೆರೋಗ ತರುವಂತೆ ಔಷಧಿಗೂ ಕೇಡು ತರುತ್ತದೆ. ಗೋಡೆ ಬೆವರುವ ಆಷಾಢದಲ್ಲಿ ಆಸ್ಪಿರಿನ್ ಮಾತ್ರೆ ತೇವ ಹೀರಿದರೆ ಒಡೆದು ವಿನಿಗರ್ ವಾಸನೆ ಬರುತ್ತದೆ, ಓ.ಆರ್.ಎಸ್. ಪುಡಿ ಗಂಟು ಕಟ್ಟುತ್ತದೆ. ಇವಾದರೂ ಕಣ್ಣಿಗೆ, ಮೂಗಿಗೆ ತಿಳಿಯುವಂಥವು. ಇನ್ಸುಲಿನ್ ಹಾಗಲ್ಲ. ಅಂಗಡಿಯ ದಾಸ್ತಾನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲೇ ಇಡಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. (ಮನೆಯಲ್ಲಿ ಬಳಸುತ್ತಿರುವ ಬಾಟಲಿಯನ್ನು ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು, ಆ ಮಾತು ಬೇರೆ.) ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸತಲ್ಲ. ಅಂಥ ಫ್ರಿಜ್ಜಿನಲ್ಲಿ ಶಕ್ತಿಗುಂದಿದ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ಇರಬಹುದು. ಅದನ್ನು ಚುಚ್ಚಿಕೊಂಡವರಿಗೆ ಸಕ್ಕರೆ ಇಳಿಯದು, ವೈದ್ಯರು ಪ್ರಮಾಣ ಏರಿಸುತ್ತಾರೆ. ಮುಂದಿನ ತಿಂಗಳು ಪೇಟೆಯಿಂದ ಒಳ್ಳೆಯ ಬಾಟಲಿ ತಂದು ಅದೇ ಏರಿಸಿದ ಪ್ರಮಾಣ ತೆಗೆದುಕೊಂಡರೆ ಸಕ್ಕರೆ ಒಮ್ಮೆಲೇ ಕುಸಿದು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಫ್ರಿಜ್ಜಿಗೆ ಇನ್ವರ್ಟರ್, ಒಳಗೊಂದು ಥರ್ಮಾಮೀಟರ್, ದಿನಕ್ಕೆ ಎರಡು ಸಲ ಉಷ್ಣಾಂಶ ಬರೆಯುವ ಪುಸ್ತಕ, ಇಷ್ಟಿಲ್ಲದ ಅಂಗಡಿ ಇನ್ಸುಲಿನ್ ಮಾರದಿರುವುದೇ ಲೇಸು.

ಎರಡನೆಯದು ಫಾರ್ಮಸಿಸ್ಟರ ವಿಷಯ. ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೊಡಬೇಕೆಂಬುದು 1945ರ ಔಷಧ ನಿಯಮಾವಳಿಯಲ್ಲೇ ಇದೆ. ನಡೆಯುವುದು ಏನೆಂದು ಎಲ್ಲರಿಗೂ ಗೊತ್ತು. ಎಷ್ಟೋ ಕಡೆ ಗೋಡೆಯ ಮೇಲಿನ ಪ್ರಮಾಣಪತ್ರ ಒಬ್ಬರದು, ಕೌಂಟರಿನಲ್ಲಿ ನಿಂತವರು ಇನ್ನೊಬ್ಬರು; ಪ್ರಮಾಣಪತ್ರಕ್ಕೆ ತಿಂಗಳ ಬಾಡಿಗೆ! ಸಹಕಾರ ಸಂಘ ಈ ದಾರಿ ಹಿಡಿಯಬಾರದು. ಡೆಂಗಿಯ ಕಾಲದಲ್ಲೋ ಮಂಗನ ಕಾಯಿಲೆಯ ಕಾಲದಲ್ಲೋ "ಜ್ವರ, ಮೈಕೈ ನೋವು, ಒಂದು ಗಟ್ಟಿ ಮಾತ್ರೆ ಕೊಡಿ" ಎಂದು ಬಂದವರಿಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥದ್ದನ್ನು ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಓದಿದವರಾದರೆ ಪ್ಯಾರಾಸಿಟಮಾಲ್ ಕೊಟ್ಟು ಆಸ್ಪತ್ರೆಗೆ ಕಳಿಸಿಯಾರು. ಅವರು ರಜೆಯಲ್ಲಿದ್ದ ದಿನ ಚೀಟಿ ಔಷಧಿ ಸಿಗದೆ ಹೋದರೆ ನಾವು ಗುಮಾಸ್ತರ ಮೇಲೆ ಹರಿಹಾಯುವುದು ನ್ಯಾಯವಲ್ಲ.

ಇನ್ನೊಂದು ಮಾತು. ನಮ್ಮ ಕಡೆ ತೋಟಕ್ಕೆ ಹೊಡೆಯುವುದೂ ಮದ್ದೇ, ಕುಡಿಯುವುದೂ ಮದ್ದೇ. ಸಂಘದ ಮಳಿಗೆಯಲ್ಲಿ ಮೈಲುತುತ್ತ, ಕೀಟನಾಶಕ ಇರುವ ಕೋಣೆಯನ್ನೇ ಹಲಗೆ ಅಡ್ಡ ಇಟ್ಟು ಔಷಧಿಗೆ ಬಿಟ್ಟುಕೊಡುವ ಯೋಚನೆ ಯಾರಿಗಾದರೂ ಇದ್ದರೆ ಇಂದೇ ಕೈಬಿಡಲಿ.

ಬಿಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್ನಿನಿಂದ 14 ರೋಗಿಗಳು ಸತ್ತರು. 2025ರಲ್ಲಿ ಅದೇ ವಿಷ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ಪಿನ ಮೂಲಕ ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಹಳ್ಳಿಯ ಅಂಗಡಿಯವರು ಇದನ್ನು ಪರೀಕ್ಷಿಸಿ ತಿಳಿಯಲಾರರು, ಬೋರ್ಡೋಗೆ ಅದ್ದುವ ಕತ್ತಿ ಇಲ್ಲಿ ಕೆಲಸಕ್ಕೆ ಬಾರದು. ಅವರ ಕೈಯಲ್ಲಿರುವುದು ಇಷ್ಟೇ: ಪರವಾನಗಿ ಇರುವ ಸಗಟು ವ್ಯಾಪಾರಿಯಿಂದ ಬಿಲ್ಲಿನೊಡನೆ ಕೊಳ್ಳುವುದು, ಬ್ಯಾಚ್ ನಂಬರನ್ನು ಬರೆದಿಡುವುದು, ಔಷಧ ನಿಯಂತ್ರಣ ಇಲಾಖೆ ಒಂದು ಬ್ಯಾಚ್ ಕಳಪೆ ಎಂದು ಸಾರಿದ ದಿನವೇ ಅದನ್ನು ಕಪಾಟಿನಿಂದ ತೆಗೆದು, ಕೊಂಡೊಯ್ದವರಿಗೆ ತಿಳಿಸುವುದು. ಯಾರು ಕೊಂಡೊಯ್ದರೆಂದು ಬಿಲ್ಲಿಲ್ಲದೆ ತಿಳಿಯುವುದು ಹೇಗೆ? "ಬಿಲ್ ಗಿಲ್ ಬೇಡ, ನಾಲ್ಕು ರೂಪಾಯಿ ಬಿಡಿ" ಎನ್ನುವ ನಮ್ಮ ರೂಢಿಯನ್ನು ನಾವೇ ಬಿಡಬೇಕು. ಬಿಡಿ ಮಾತ್ರೆ ಕೊಳ್ಳುವಾಗ ಪಟ್ಟಿಯಲ್ಲಿ ಅವಧಿ ಮುದ್ರಿಸಿದ ತುದಿ ಕೊನೆಯವರೆಗೂ ಅಂಗಡಿಯಲ್ಲೇ ಉಳಿಯುವಂತೆ ಎದುರು ತುದಿಯಿಂದ ಕತ್ತರಿಸಬೇಕು. ನಮಗೂ ಆ ತಿಂಗಳು, ವರ್ಷವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವ ಅಭ್ಯಾಸವಾಗಲಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ನಿರ್ದೇಶಕರು ಕೇಳುತ್ತಾರೆ, ಕೇಳಲೇಬೇಕು. ಫಾರ್ಮಸಿಸ್ಟರ ಸಂಬಳವೊಂದೇ ಸಣ್ಣ ಸಂಘಕ್ಕೆ ದೊಡ್ಡ ಹೊರೆ. ಒಂದು ಸಂಘಕ್ಕೆ ಭಾರವಾದರೆ ನೆರೆಯ ಎರಡು ಮೂರು ಸಂಘಗಳು ಕೂಡಿ, ಬಸ್ ನಿಲ್ಲುವ ಊರಿನಲ್ಲಿ ಒಂದೇ ಅಂಗಡಿ ನಡೆಸುವ ಬಗ್ಗೆ ಏಕೆ ಯೋಚಿಸಬಾರದು? ಈ ಸಲದ ಮಹಾಸಭೆಯಲ್ಲಿ ಲೆಕ್ಕ ಮಂಡಿಸುವಾಗ ಸಂಬಳ, ಫ್ರಿಜ್, ಪ್ರತ್ಯೇಕ ಕೋಣೆ ಈ ಮೂರರ ವೆಚ್ಚವನ್ನು ಮೊದಲು ಬರೆದು, ರಿಯಾಯಿತಿಯನ್ನು ಅದರ ಕೆಳಗೆ ಬರೆಯುವಂತೆ ನಿರ್ದೇಶಕರಲ್ಲಿ ನಮ್ಮ ವಿನಂತಿ.